ಸಮವಸ್ತ್ರ ಕಳಚಿದ ಮೇಲಿನ ನಲವತ್ತು ವರ್ಷ

ಯುದ್ಧದ ಸುದ್ದಿ ಬಂದರೆ ನಮ್ಮ ಸ್ಟುಡಿಯೋಗಳಲ್ಲಿ ಟ್ಯಾಂಕ್ ಓಡುತ್ತೆ, ನಕ್ಷೆ ಬೆಳಗುತ್ತೆ. ಯುದ್ಧ ಮಾಡಿದವನು ಊರಿಗೆ ಬಂದ ಮೇಲೆ ಏನಾದ? ಅದು ಯಾವ ಬ್ರೇಕಿಂಗ್ ನ್ಯೂಸ್‌ಗೂ ಬರೋದಿಲ್ಲ. ಇವತ್ತು ಆ ಲೆಕ್ಕ ನೋಡೋಣ ವೀಕ್ಷಕರೇ.

ಗೋಕಾಕ, ಮೂಡಲಗಿ, ಹುಕ್ಕೇರಿ. ಘಟಪ್ರಭೆಯ ನೀರು, ಕಬ್ಬು, ಸಕ್ಕರೆ ಕಾರ್ಖಾನೆಗಳ ಸೀಮೆ. ಹೊಲ ಚಿಕ್ಕದು, ಅಣ್ಣತಮ್ಮಂದಿರು ಹೆಚ್ಚು ಅಂದರೆ ಒಬ್ಬ ‘ಮಿಲ್ಟ್ರಿ’ ದಾರಿ ಹಿಡೀತಾನೆ. ನಸುಕಿನಲ್ಲಿ ಓಡೋ ಹುಡುಗರ ಗುರಿ ಒಂದೇ: 1,600 ಮೀಟರ್ ಐದೂವರೆ ನಿಮಿಷದಲ್ಲಿ. ಭರ್ತಿಯಲ್ಲಿ ಪೂರ್ತಿ ಅಂಕ ಸಿಗೋದು ಆಗಲೇ. ಹತ್ತಿರದ ಬೆಳಗಾವಿಯಲ್ಲೇ 1922ರಿಂದ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಇದೆ. ಹೆಸರು ಮರಾಠಾ, ಆದರೆ ಆ ಪಲ್ಟನ್‌ಗಳಲ್ಲಿ ಕನ್ನಡದ ಹುಡುಗರೂ ಇದ್ದಾರೆ.

ಈ ದಳದ ಮೊದಲ ಬೆಟಾಲಿಯನ್, 1768ರ ‘ಜಂಗಿ ಪಲ್ಟನ್’. 1971ರ ಡಿಸೆಂಬರ್‌ನಲ್ಲಿ ಪೂರ್ವ ಪಾಕಿಸ್ತಾನದ ಜಮಾಲ್‌ಪುರದಲ್ಲಿ ಶತ್ರುವಿನ ಬೆನ್ನ ಹಿಂದೆ ಹೋಗಿ ರಸ್ತೆ ಕಟ್ಟಿ ಕೂತಿತು. ಶರಣಾಗಿ ಅಂತ ನಮ್ಮ ಬ್ರಿಗೇಡಿಯರ್ ಪತ್ರ ಕಳಿಸಿದರೆ, ಪಾಕ್ ಕರ್ನಲ್ ಸುಲ್ತಾನ್ ಅಹಮದ್ ಉತ್ತರದ ಜೊತೆ ಒಂದು ಗುಂಡು ಇಟ್ಟು ಕಳಿಸಿದ. 10ರ ರಾತ್ರಿ ಘೋರ ಕಾದಾಟ. 11ಕ್ಕೆ ಜಮಾಲ್‌ಪುರ ನಮ್ಮ ಕೈಗೆ, 16ಕ್ಕೆ ಢಾಕಾ.

ಗೆದ್ದು ಬಂದವರಿಗೆ ಸಿಕ್ಕಿದ್ದೇನು? ಎರಡೇ ವರ್ಷಕ್ಕೆ, 1973ರಲ್ಲಿ, ಮೂರನೇ ವೇತನ ಆಯೋಗದ ನಂತರ ಪಿಂಚಣಿಯ ಲೆಕ್ಕವೇ ಬದಲಾಯಿತು. ಮುಂದೆ ಒಂದೇ ರ‍್ಯಾಂಕ್, ಅಷ್ಟೇ ಸೇವೆ, ಆದರೂ ಮೊದಲು ನಿವೃತ್ತನಾದವನಿಗೆ ಕಡಿಮೆ ಹಣ! ‘ಸಮಾನ ಶ್ರೇಣಿ ಸಮಾನ ಪಿಂಚಣಿ’ ಘೋಷಣೆ ಆಗಿದ್ದು 2015ರಲ್ಲಿ. ಅದೂ ವಯಸ್ಸಾದ ಯೋಧರು ಮೆಡಲ್ ಹಾಕ್ಕೊಂಡು ಜಂತರ್ ಮಂತರ್‌ನಲ್ಲಿ ಧರಣಿ ಕೂತ ಮೇಲೆ. 42 ವರ್ಷ!

ನಾನು ಎಂಜಿನಿಯರಿಂಗ್ ಓದಿದವನು, ಕೂಡಿ ಕಳೆದು ನೋಡದೆ ಬಿಡೋದಿಲ್ಲ. 19ಕ್ಕೆ ಸೇರಿದ ಜವಾನ 17 ವರ್ಷ ದುಡಿದು 36ಕ್ಕೆ ಹೊರಬರ್ತಾನೆ. ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿ. 76ರವರೆಗೆ ಬದುಕಿದರೆ 40 ವರ್ಷ ‘ಮಾಜಿ’. ಕೇಂದ್ರದ ‘ಸಿ’ ದರ್ಜೆ ಹುದ್ದೆಗಳಲ್ಲಿ ಶೇ 10 ಮೀಸಲಾತಿ ಇದೆ. ಆದರೂ ಬ್ಯಾಂಕ್ ಬಾಗಿಲಲ್ಲಿ, ಎಟಿಎಂ ಮುಂದೆ ಬಂದೂಕು ಹಿಡಿದು ನಿಂತವರನ್ನು ಮಾತಾಡಿಸಿ ನೋಡಿ, ಎಷ್ಟೋ ಜನ ಮಾಜಿ ಸೈನಿಕರೇ. ನವೆಂಬರ್ ಬಂತೆಂದರೆ ಜೀವಿತ ಪ್ರಮಾಣಪತ್ರ ಕೊಡಬೇಕು. ಗುಂಡಿನೆದುರು ಬದುಕಿ ಬಂದವನು ಪ್ರತಿ ವರ್ಷ ‘ಬದುಕಿದ್ದೇನೆ’ ಅಂತ ಕಾಗದದಲ್ಲಿ ತೋರಿಸಬೇಕು.

ಈಗ 2022ರ ಅಗ್ನಿಪಥ. ಸೇವೆ ನಾಲ್ಕು ವರ್ಷ. ಉಳಿಯೋದು ನೂರಕ್ಕೆ 25 ಜನರವರೆಗೆ. ಮಿಕ್ಕವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ, ಪಿಂಚಣಿ ಇಲ್ಲ. ಸೇನೆ ಯುವಕರದ್ದಾಗಬೇಕು ಅನ್ನೋ ಮಾತನ್ನು ತಳ್ಳಿಹಾಕೋಕಾಗಲ್ಲ. ಆದರೆ 19ಕ್ಕೆ ಸೇರಿದವನು 23ಕ್ಕೇ ಮಾಜಿ! 40 ಇದ್ದದ್ದು 53 ವರ್ಷ ಆಯಿತು.

36ಕ್ಕೆ ಬಂದವನ ನ್ಯಾಯಕ್ಕೇ 42 ವರ್ಷ ತೆಗೆದುಕೊಂಡ ದೇಶ, 23ಕ್ಕೆ ಮೂಡಲಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯೋ ಹುಡುಗನಿಗೆ ಏನು ಇಟ್ಟಿದೆ? ಉತ್ತರ ಬೇಕಿರೋದು ಅವನು ಇಳಿಯೋ ಮೊದಲು.