ರಿಪೋರ್ಟ್ ನಾರ್ಮಲ್, ಮೈತುಂಬ ನೋವು: ಫೈಬ್ರೊಮಯಾಲ್ಜಿಯಾ ಎಂದರೇನು, ಅದರೊಂದಿಗೆ ಬಾಳುವುದು ಹೇಗೆ?

ಬೆಳಿಗ್ಗೆ ಎದ್ದರೆ ಮೈಯೆಲ್ಲ ಬಡಿದು ಹಾಕಿದ ಹಾಗೆ ನೋವು. ಕುತ್ತಿಗೆ, ಹೆಗಲು, ಸೊಂಟ, ತೊಡೆ... ಇಂಥದೇ ಕಡೆ ಎಂದು ಬೆರಳಿಟ್ಟು ತೋರಿಸುವ ಹಾಗಿಲ್ಲ. ರಕ್ತ ಪರೀಕ್ಷೆ ಆಯಿತು, ಎಕ್ಸ್‌ರೇ ಆಯಿತು, ಗಡಿ ದಾಟಿ ದೊಡ್ಡ ಆಸ್ಪತ್ರೆಗೂ ಹೋಗಿ ಬಂದದ್ದಾಯಿತು. ಎಲ್ಲೆಡೆ ಸಿಗುವ ಉತ್ತರ ಒಂದೇ: ಏನೂ ಇಲ್ಲ, ಎಲ್ಲ ನಾರ್ಮಲ್. ಮನೆಯಲ್ಲಿ ಈ ಮಾತಿಗೆ ಬೇರೆಯೇ ಅರ್ಥ ಹುಟ್ಟುತ್ತದೆ. ಕೆಲಸ ತಪ್ಪಿಸಿಕೊಳ್ಳಲು ನೆಪ ಎನ್ನುವವರಿದ್ದಾರೆ, ಮನಸ್ಸಿನ ಭ್ರಮೆ ಎನ್ನುವವರೂ ಇದ್ದಾರೆ.

ಆದರೆ ರಿಪೋರ್ಟ್ ಸರಿಯಿದ್ದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಹೀಗೆ ತಿಂಗಳುಗಟ್ಟಲೆ ಮೈತುಂಬ ನೋವು, ಸುಸ್ತು, ನಿದ್ದೆಗೇಡು ಒಟ್ಟಿಗೆ ಕಾಡುವ ಒಂದು ಕಾಯಿಲೆಗೆ ಫೈಬ್ರೊಮಯಾಲ್ಜಿಯಾ ಎಂದು ಹೆಸರು. ಜಗತ್ತಿನಲ್ಲಿ ಸುಮಾರು 100 ಜನರಲ್ಲಿ 2ರಿಂದ 4 ಮಂದಿಗೆ ಇದು ಇದೆ ಎಂದು ಅಂದಾಜು. ಹೆಂಗಸರಲ್ಲಿ ಹೆಚ್ಚು. ಗಂಡಸರಿಗೂ ಮಕ್ಕಳಿಗೂ ಬರುವುದುಂಟು.

ಹೆಸರು ಬಂದ ಬಗೆ

1904ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗವರ್ಸ್ ಇಂಥ ನೋವಿಗೆ 'ಫೈಬ್ರೊಸೈಟಿಸ್' ಎಂದು ಹೆಸರಿಟ್ಟರು. ಸ್ನಾಯುಗಳಲ್ಲಿ ಉರಿಯೂತ ಇದೆ ಎಂಬುದು ಆಗಿನ ನಂಬಿಕೆ. ಹುಡುಕಿದರೆ ಉರಿಯೂತ ಸಿಗಲಿಲ್ಲ. 1976ರ ಸುಮಾರಿಗೆ 'ಫೈಬ್ರೊಮಯಾಲ್ಜಿಯಾ' ಎಂಬ ಹೆಸರು ಬಳಕೆಗೆ ಬಂತು. ನಾರು, ಸ್ನಾಯು, ನೋವು ಎಂಬ ಮೂರು ಪದಗಳು ಸೇರಿ ಆದ ಹೆಸರು ಇದು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ 2022ರಲ್ಲಿ ಜಾರಿಗೆ ಬಂದಿದ್ದು, ಅದರಲ್ಲಿ ಇದು ದೀರ್ಘಕಾಲದ ನೋವಿನ ವರ್ಗಕ್ಕೆ ಸೇರಿದೆ.

ನೋವು ಎಲ್ಲಿಂದ?

ಕೀಲು ಸವೆದಿಲ್ಲ, ಮೂಳೆ ಮುರಿದಿಲ್ಲ, ಆದರೂ ನೋವು ಏಕೆ? ರೇಡಿಯೊದ ವಾಲ್ಯೂಮ್ ಗುಂಡಿಯನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ದೇಹದಿಂದ ಬರುವ ಸುದ್ದಿಯನ್ನು ನರಗಳು ಬೆನ್ನುಹುರಿಯ ಮೂಲಕ ಮೆದುಳಿಗೆ ಮುಟ್ಟಿಸುತ್ತವೆ. ಈ ಕಾಯಿಲೆಯಲ್ಲಿ ಆ ಗುಂಡಿ ಮೇಲಕ್ಕೆ ತಿರುಗಿ ನಿಂತಿರುತ್ತದೆ. ಬೇರೆಯವರಿಗೆ ಬರೀ ಒತ್ತಿದಂತೆ ಅನ್ನಿಸುವುದು ಇವರಿಗೆ ನೋವಾಗಿ ಕೇಳಿಸುತ್ತದೆ. 2002ರಲ್ಲಿ ಅಮೆರಿಕದಲ್ಲಿ 16 ರೋಗಿಗಳನ್ನೂ 16 ಆರೋಗ್ಯವಂತರನ್ನೂ ಮೆದುಳಿನ ಸ್ಕ್ಯಾನ್ ಮಾಡಿ ಹೋಲಿಸಿದರು. ಹೆಬ್ಬೆರಳಿನ ಉಗುರನ್ನು ಇಬ್ಬರಿಗೂ ಒಂದೇ ಸಮ ಒತ್ತಿದಾಗ ರೋಗಿಗಳ ಮೆದುಳಿನಲ್ಲಿ ನೋವಿನ ಭಾಗಗಳು ಹೆಚ್ಚು ಚುರುಕಾದವು. ಅಂದರೆ ನೋವು ನಿಜ. ಸಾಮಾನ್ಯ ಎಕ್ಸ್‌ರೇ, ರಕ್ತ ಪರೀಕ್ಷೆಗಳು ನೋಡುವ ಜಾಗದಲ್ಲಿ ಅದು ಇಲ್ಲ, ಅಷ್ಟೇ.

ಗುರುತಿಸುವುದು ಹೇಗೆ?

1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯು ಮೈಮೇಲೆ 18 ಜಾಗ ಗುರುತಿಸಿ, ಒತ್ತಿದಾಗ 11 ಕಡೆಯಾದರೂ ನೋಯಬೇಕು ಎಂದು ನಿಯಮ ಮಾಡಿತ್ತು. 2010ರಲ್ಲಿ ಹೊಸ ಕ್ರಮ ಬಂತು, 2016ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಕಳೆದ ಒಂದು ವಾರದಲ್ಲಿ ಮೈಯ 19 ಭಾಗಗಳ ಪೈಕಿ ಎಷ್ಟು ಕಡೆ ನೋವಿತ್ತು, ಸುಸ್ತು ಎಷ್ಟು, ಎದ್ದಾಗ ನಿದ್ದೆ ಮಾಡಿದ ಹಗುರ ಇದೆಯೇ, ಮರೆವು ಮತ್ತು ಮಂಕು ಎಷ್ಟು ಎಂದು ವೈದ್ಯರು ಕೇಳಿ ಅಂಕ ಹಾಕುತ್ತಾರೆ. ಲಕ್ಷಣಗಳು ಕನಿಷ್ಠ 3 ತಿಂಗಳಿಂದ ಇರಬೇಕು. ತಲೆನೋವು, ಹೊಟ್ಟೆ ಹಿಡಿದುಕೊಳ್ಳುವುದು, ಕೈಕಾಲು ಜೋಮು, ಬೇಸರ ಇವೂ ಜೊತೆಗಿರಬಹುದು.

ಇದಕ್ಕೆಂದೇ ಒಂದು ರಕ್ತ ಪರೀಕ್ಷೆ ಇಲ್ಲ. ಹಾಗಿದ್ದರೂ ಕೆಲವು ಪರೀಕ್ಷೆ ಮಾಡಿಸುವುದೇಕೆಂದರೆ, ಇದೇ ರೀತಿ ಕಾಣುವ ಬೇರೆ ಕಾಯಿಲೆಗಳಿವೆ. ಥೈರಾಯ್ಡ್ ಕಡಿಮೆಯಾದರೂ, ವಿಟಮಿನ್ ಡಿ ಕೊರತೆಯಾದರೂ ಮೈ ನೋಯುತ್ತದೆ. ರಕ್ತಹೀನತೆಯಿಂದ ಸುಸ್ತಾಗುತ್ತದೆ. ಆಮವಾತದಲ್ಲಿ ಕೀಲು ಊದಿಕೊಳ್ಳುತ್ತದೆ. ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಗಂಟು ನೋವು ಉಳಿಯುತ್ತದೆ ಎಂಬುದನ್ನು 2006ರ ಹಾವಳಿ ಕಂಡ ಊರುಗಳಿಗೆ ಹೇಳಬೇಕಾಗಿಲ್ಲ.

ಮಡಕಶಿರಾ, ರಾಯದುರ್ಗ ಕಡೆಯವರು ಇನ್ನೊಂದನ್ನೂ ಗಮನಿಸಬೇಕು. ಹಳೆಯ ಅನಂತಪುರ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಅದನ್ನೇ ಕುಡಿದರೆ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿಯುತ್ತವೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಲ್ಲಿ 1.5ರವರೆಗೆ ಸರಕಾರಿ ಮಾನಕ ಒಪ್ಪುತ್ತದೆ. ಮನೆಯಲ್ಲಿ ಎರಡು ಮೂರು ಮಂದಿಗೆ ಬೆನ್ನು ಬಗ್ಗದಿದ್ದರೆ ರಕ್ತದ ಜೊತೆ ನೀರನ್ನೂ ಪರೀಕ್ಷೆ ಮಾಡಿಸುವುದು ಸೂಕ್ತ.

ಕೀಲು ಊತ, ಬಿಡದ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಒಂದು ಕೈ ಅಥವಾ ಕಾಲು ಬಲ ಕಳೆದುಕೊಳ್ಳುವುದು, ಮೂತ್ರ ಹಿಡಿತ ತಪ್ಪುವುದು ಫೈಬ್ರೊಮಯಾಲ್ಜಿಯಾದ ಲಕ್ಷಣಗಳಲ್ಲ. ಇವು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಡಾಕ್ಟರ ಮುಂದೆ ಯಾವ ಭಾಷೆ?

ರೋಗಿಯ ಮಾತೇ ಇಲ್ಲಿ ಮುಖ್ಯ ಪರೀಕ್ಷೆ. ಗಡಿನಾಡಿನವರಿಗೆ ತೊಡಕು ಆಗುವುದೂ ಇಲ್ಲೇ. ಸಂತೆಯಲ್ಲಿ, ಬಸ್ಸಿನಲ್ಲಿ ಎರಡು ಭಾಷೆ ಸಲೀಸಾಗಿ ಆಡುವವರೂ ನೋವು ಹೇಳುವಾಗ ತಡವರಿಸುತ್ತಾರೆ. ಉರಿ, ಸೆಳೆತ, ಚುಚ್ಚು, ಜೋಮು ಎಲ್ಲವೂ 'ಪೇನ್' ಎಂಬ ಒಂದೇ ಪದವಾಗಿಬಿಡುತ್ತದೆ. ಈ ಕೆಳಗಿನ ಪದಗಳು ಉಪಯೋಗಕ್ಕೆ ಬರಬಹುದು.

ನೋವು: ಮಲಯಾಳಂನಲ್ಲಿ ವೇದನ, ತಮಿಳಿನಲ್ಲಿ ವಲಿ, ತೆಲುಗಿನಲ್ಲಿ ನೊಪ್ಪಿ, ಮರಾಠಿಯಲ್ಲಿ ದುಖಣೆ.
ಉರಿ: ಮಲಯಾಳಂನಲ್ಲಿ ಎರಿಚ್ಚಿಲ್, ತಮಿಳಿನಲ್ಲಿ ಎರಿಚ್ಚಲ್, ತೆಲುಗಿನಲ್ಲಿ ಮಂಟ, ಮರಾಠಿಯಲ್ಲಿ ಆಗ ಹೋಣೆ.
ಜೋಮು: ಮಲಯಾಳಂನಲ್ಲಿ ತರಿಪ್ಪ್, ತಮಿಳಿನಲ್ಲಿ ಮರತ್ತುಪ್ಪೋದಲ್, ತೆಲುಗಿನಲ್ಲಿ ತಿಮ್ಮಿರಿ, ಮರಾಠಿಯಲ್ಲಿ ಮುಂಗ್ಯಾ ಯೇಣೆ.
ಸುಸ್ತು: ಮಲಯಾಳಂನಲ್ಲಿ ಕ್ಷೀಣಂ, ತಮಿಳಿನಲ್ಲಿ ಸೋರ್ವು, ತೆಲುಗಿನಲ್ಲಿ ನೀರಸಂ, ಮರಾಠಿಯಲ್ಲಿ ಥಕವಾ.

ಹೋಗುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಂಗತಿ ಬರೆದಿಡಬೇಕು: ಎಲ್ಲಿ ನೋವು, ಎಷ್ಟು ಹೊತ್ತು, ರಾತ್ರಿ ಎಷ್ಟು ಸಲ ಎಚ್ಚರ, ಯಾವ ಕೆಲಸದ ಮರುದಿನ ಹೆಚ್ಚಾಯಿತು. ಯಾವ ಭಾಷೆಯಲ್ಲಾದರೂ ಸರಿ. ಹಳೆಯ ಚೀಟಿಗಳನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋದರೆ ಒಂದೇ ಪರೀಕ್ಷೆಗೆ ಎರಡು ರಾಜ್ಯದಲ್ಲಿ ದುಡ್ಡು ಸುರಿಯುವುದು ತಪ್ಪುತ್ತದೆ. ಊರಿನ ಡಾಕ್ಟರಿಗೆ ಸಂಶಯ ಉಳಿದರೆ ರ್ಯೂಮಟಾಲಜಿಸ್ಟ್ ಎನ್ನುವ ಸಂಧಿವಾತ ತಜ್ಞರನ್ನು ಕಾಣಬಹುದು. ಹೈದರಾಬಾದಿನ ನಿಮ್ಸ್, ವೆಲ್ಲೂರಿನ ಸಿಎಂಸಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ವಿಭಾಗಗಳಿವೆ.

ಮದ್ದಿಗಿಂತ ಮೊದಲು ನಡಿಗೆ

ನೋವಿದ್ದವರಿಗೆ ಮಲಗಿ ಎನ್ನುವುದು ರೂಢಿ. ಈ ಕಾಯಿಲೆಯಲ್ಲಿ ಮಲಗಿದಷ್ಟೂ ಸ್ನಾಯು ಸೊರಗಿ ನೋವು ಏರುತ್ತದೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವು 2016ರಲ್ಲಿ ಎಲ್ಲ ಚಿಕಿತ್ಸೆಗಳನ್ನು ತೂಗಿ ನೋಡಿ, ಬಲವಾಗಿ ಶಿಫಾರಸು ಮಾಡಿದ್ದು ಒಂದನ್ನೇ, ಅದು ವ್ಯಾಯಾಮ. ಚೀನಾದ ತಾಯ್ ಚಿ ಎಂಬ ನಿಧಾನ ಚಲನೆಯ ಅಭ್ಯಾಸವು ಬಿರುಸಿನ ವ್ಯಾಯಾಮದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಗುಣ ಕೊಡುತ್ತದೆ ಎಂದು ಅಮೆರಿಕದಲ್ಲಿ 226 ರೋಗಿಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ತಿಳಿಸಿತು. ಯೋಗದಿಂದಲೂ ಕೆಲವರಿಗೆ ಅನುಕೂಲವಾಗಿದೆ.

ಆದರೆ ಮೊದಲ ದಿನವೇ ಎರಡು ಮೈಲಿ ನಡೆದು ಮೂರು ದಿನ ಹಾಸಿಗೆ ಹಿಡಿಯಬಾರದು. ದಿನಕ್ಕೆ 5 ನಿಮಿಷದಿಂದ ಶುರು ಮಾಡಿ, ವಾರಕ್ಕೊಮ್ಮೆ ಒಂದೆರಡು ನಿಮಿಷ ಏರಿಸುತ್ತ ಹೋಗಬೇಕು. ಮೊದಲ ಕೆಲವು ವಾರ ನೋವು ತುಸು ಹೆಚ್ಚಾದಂತೆ ಅನ್ನಿಸಬಹುದು. ಅದಕ್ಕೆ ಹೆದರಿ ನಿಲ್ಲಿಸಬಾರದು, ನಿಮಿಷ ಕಡಿಮೆ ಮಾಡಿದರಾಯಿತು.

ಕೆಲಸಕ್ಕೂ ಒಂದು ಅಳತೆ

ಕಾಸರಗೋಡಿನಲ್ಲಿ ಅಡಿಕೆ ಸುಲಿಯುವವರು, ಸೊಲ್ಲಾಪುರದಲ್ಲಿ ಬೀಡಿ ಕಟ್ಟುವವರು, ನೀಲಗಿರಿ, ವಯನಾಡಿನಲ್ಲಿ ಚಹಾ ಎಲೆ ಕೊಯ್ಯುವವರು, ಮಡಕಶಿರಾದಲ್ಲಿ ಶೇಂಗಾ ಬಿಡಿಸುವವರು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿರುತ್ತಾರೆ. ನೋವು ಕಡಿಮೆಯಿದ್ದ ದಿನ ಬಾಕಿ ಕೆಲಸವನ್ನೆಲ್ಲ ಒಂದೇ ಏಟಿಗೆ ಮುಗಿಸಿ, ಮರುದಿನ ಏಳಲಾಗದೆ ಕೂರುವುದು ಸಾಮಾನ್ಯ. ಇದನ್ನು ತಪ್ಪಿಸಲು ನೋವು ಬರುವ ಮೊದಲೇ ವಿರಾಮ ತೆಗೆದುಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಎದ್ದು ಕೈಕಾಲು ಚಾಚಿ, ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂರಬೇಕು. ಒಳ್ಳೆಯ ದಿನವೂ ಅಷ್ಟೇ ಕೆಲಸ, ಕೆಟ್ಟ ದಿನವೂ ಸ್ವಲ್ಪ ಕೆಲಸ ಎಂಬುದು ಲೆಕ್ಕ. ದಿನಗೂಲಿಯವರಿಗೆ, ತುಂಡುಗೂಲಿಯವರಿಗೆ ಇದು ಹೇಳಿದಷ್ಟು ಸುಲಭವಲ್ಲ ನಿಜ. ಆದರೆ ಮೂರು ದಿನದ ಕೂಲಿ ಒಟ್ಟಿಗೆ ಕಳೆದುಕೊಳ್ಳುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಕಳೆದುಕೊಳ್ಳುವುದು ವಾಸಿ.

ನಿದ್ದೆ ಕೆಟ್ಟರೆ ಮೈ ಕೆಟ್ಟಿತು

1975ರಲ್ಲಿ ಕೆನಡಾದ ವೈದ್ಯ ಹಾರ್ವಿ ಮೊಲ್ಡೊಫ್‌ಸ್ಕಿ ಮತ್ತು ಜೊತೆಗಾರರು ಆರೋಗ್ಯವಂತರ ಗಾಢ ನಿದ್ದೆಯನ್ನು ಬೇಕೆಂದೇ ಕೆಡಿಸಿ ನೋಡಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈನೋವು ಶುರುವಾಯಿತು. ಆದ್ದರಿಂದ ದಿನವೂ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವುದು, ಸಂಜೆ ಮೇಲೆ ಕಾಫಿ, ಚಹಾ ಬಿಡುವುದು, ಮಲಗುವ ಮುಂಚೆ ಟಿವಿ, ಮೊಬೈಲ್ ದೂರ ಇಡುವುದು ಚಿಕಿತ್ಸೆಯ ಭಾಗವೇ. ಬಿಸಿನೀರು ಸ್ನಾನ, ಬಿಸಿ ಶಾಖವೂ ಸ್ವಲ್ಪ ಹೊತ್ತು ಹಾಯೆನಿಸುತ್ತವೆ.

ಔಷಧಿ ಎಷ್ಟು, ಎಚ್ಚರ ಎಷ್ಟು?

ವೈದ್ಯರು ಸಾಮಾನ್ಯವಾಗಿ ಕೊಡುವುದು ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರಿಗ್ಯಾಬಲಿನ್ ಎಂಬ ಮಾತ್ರೆಗಳಲ್ಲಿ ಒಂದನ್ನು. ಇವು ಏರಿದ ವಾಲ್ಯೂಮ್ ತಗ್ಗಿಸಲು ನೋಡುತ್ತವೆ. ಎಲ್ಲರಿಗೂ ಹಿಡಿಸುವುದಿಲ್ಲ. ತೂಕಡಿಕೆ, ತಲೆಸುತ್ತು, ಬಾಯಿ ಒಣಗುವುದು, ತೂಕ ಏರುವುದು ಆಗಬಹುದು. ಇವನ್ನು ಡಾಕ್ಟರರಿಗೆ ಹೇಳದೆ ಒಮ್ಮೆಲೇ ನಿಲ್ಲಿಸಬಾರದು. ಮೊದಲೆರಡು ಮಾತ್ರೆಗಳು ಖಿನ್ನತೆಗೂ ಬಳಸುವಂಥವು. ಚೀಟಿ ನೋಡಿ "ನನಗೆ ಹುಚ್ಚಿನ ಮಾತ್ರೆ ಕೊಟ್ಟರು" ಎಂದು ಎಸೆಯುವುದು ಬೇಡ.

ಅಂಗಡಿಯಲ್ಲಿ ಕೇಳಿ ನುಂಗುವ ನೋವಿನ ಮಾತ್ರೆಗಳು ಈ ಕಾಯಿಲೆಗೆ ಹೆಚ್ಚು ಕೆಲಸ ಮಾಡುವುದಿಲ್ಲ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು. ಹೆಸರಿಲ್ಲದ ಪುಡಿ, ಪೊಟ್ಟಣದ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಅಪಾಯವಿದೆ. ಎರಡೇ ದಿನದಲ್ಲಿ ಮಾಯವಾದ ನೋವು, ಆಮೇಲೆ ಊದಿದ ಮುಖ, ಏರಿದ ಸಕ್ಕರೆ, ಸವೆದ ಮೂಳೆಯಾಗಿ ಹಿಂತಿರುಗಬಹುದು.

ಮನೆಯವರ ಪಾಲು

ಈ ಕಾಯಿಲೆ ಕೈಕಾಲು ಸೊಟ್ಟ ಮಾಡುವುದಿಲ್ಲ, ಅಂಗಾಂಗ ಕೆಡಿಸುವುದಿಲ್ಲ. ಪೂರ್ತಿ ಗುಣಪಡಿಸುವ ಮದ್ದೂ ಇನ್ನೂ ಬಂದಿಲ್ಲ. ಹಾಗಾಗಿ ಸೊಸೆಗೋ ಅತ್ತೆಗೋ ನೋವಿದ್ದರೆ ನೀರು ಹೊರುವುದು, ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದನ್ನು ಉಳಿದವರು ಹಂಚಿಕೊಳ್ಳುವುದೂ ಮದ್ದಿನಷ್ಟೇ ಮುಖ್ಯ. ನೋವಿನ ಜೊತೆ ಮನಸ್ಸೂ ಕುಗ್ಗಿದ್ದರೆ 2022ರಲ್ಲಿ ಶುರುವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅದರಲ್ಲಿ ಭಾಷೆ ಆರಿಸಿಕೊಳ್ಳುವ ಅವಕಾಶವಿದೆ.

ಹೆಸರು ಗೊತ್ತಾದ ಮೇಲೆ ಇನ್ನೊಂದು ಸ್ಕ್ಯಾನ್ ಹುಡುಕಿಕೊಂಡು ಊರೂರು ಅಲೆಯುವ ಖರ್ಚು ನಿಲ್ಲುತ್ತದೆ. ಆ ದುಡ್ಡು ಒಳ್ಳೆಯ ಊಟಕ್ಕೆ, ಆ ಸಮಯ ದಿನದ ನಡಿಗೆಗೆ ಹೋದರೆ ಮೈ ಸ್ವಲ್ಪ ಸ್ವಲ್ಪವಾಗಿ ಮಾತು ಕೇಳಲು ಶುರು ಮಾಡುತ್ತದೆ.