ದಿಮ್ಮಿಯ ಮೇಲಣ ಅಣಬೆ ಕೃಷಿ : ಒಂದು ಐತಿಹಾಸಿಕ ವಿವೇಚನೆ

ಕೃಷಿಯ ಇತಿಹಾಸವನ್ನು ಬರೆದವರು ಧಾನ್ಯ ಮತ್ತು ನೀರಾವರಿಗಳಿಗೆ ಕೊಟ್ಟಷ್ಟು ಗಮನವನ್ನು ಕಾಡಿನ ನೆರಳಿನಲ್ಲಿ ಬೆಳೆದುಬಂದ ಕಸುಬುಗಳಿಗೆ ಕೊಟ್ಟಿಲ್ಲ. ಮರದ ದಿಮ್ಮಿಯ ಮೇಲೆ ಅಣಬೆಯನ್ನು ಬೆಳೆಯಿಸುವ ವಿದ್ಯೆ ಇದಕ್ಕೆ ಒಳ್ಳೆಯ ನಿದರ್ಶನ. ಇಂದು ಅಮೆರಿಕ, ಯೂರೋಪುಗಳಲ್ಲಿಯೂ ಅನೇಕ ಗೃಹಸ್ಥರು ತಮ್ಮ ಹಿತ್ತಿಲಿನ ನೆರಳಿನಲ್ಲಿ ಓಕ್ ದಿಮ್ಮಿಗಳನ್ನು ಒರಗಿಸಿಟ್ಟು ಷಿಟಾಕೆ ಎಂಬ ಅಣಬೆಯನ್ನು ಬೆಳೆಯುತ್ತಾರೆ. ಈ ಪದ್ಧತಿಯು 20ನೆಯ ಶತಮಾನದ ವಿಜ್ಞಾನದ ಕೊಡುಗೆಯೆಂದೂ, ಅದಕ್ಕೆ ಹಿಂದಿನದು ಕೇವಲ ದೈವಾಧೀನವಾದ ವ್ಯವಸಾಯವೆಂದೂ ಭಾವಿಸುವುದು ಸುಲಭ. ಈ ಭಾವನೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ಅಣಬೆಯ ಸ್ವಭಾವವನ್ನು ತಿಳಿಯುವುದು ಅವಶ್ಯಕ. ಇದು ಮಣ್ಣಿನಲ್ಲಿ ಬೆಳೆಯುವುದಲ್ಲ. ಸತ್ತ ಗಟ್ಟಿಮರದೊಳಗೆ ತನ್ನ ಎಳೆಗಳನ್ನು ಹಬ್ಬಿಸಿ, ಮರದ ಸತ್ತ್ವವನ್ನೇ ಆಹಾರವಾಗಿಸಿಕೊಂಡು, ಹದವಾದ ತೇವ ದೊರೆತಾಗ ತೊಗಟೆಯನ್ನು ಸೀಳಿ ಹೊರಬರುತ್ತದೆ. ಜಪಾನೀ ಭಾಷೆಯಲ್ಲಿ ‘ಷೀ’ ಎಂಬುದು ಒಂದು ಮರದ ಹೆಸರು. ‘ತಾಕೆ’ ಎಂದರೆ ಅಣಬೆ. ಚೀಣೀಯರು ಇದನ್ನು ‘ಪರಿಮಳದ ಅಣಬೆ’ ಎಂದು ಕರೆಯುತ್ತಾರೆ.

ಈ ಕೃಷಿಯ ಮೂಲಸ್ಥಾನ ಚೀಣಾ ದೇಶದ ಝೆಜಿಯಾಂಗ್ ಪ್ರಾಂತದ ಬೆಟ್ಟಸೀಮೆ. ಅಲ್ಲಿನ ಚಿಂಗ್‌ಯುವಾನ್, ಲೊಂಗ್‌ಚುವಾನ್ ಮತ್ತು ಜಿಂಗ್‌ನಿಂಗ್ ಪ್ರದೇಶಗಳ ಜನರು 12ನೆಯ ಶತಮಾನದ ವೂ ಸಾನ್‌ಗೊಂಗ್ ಎಂಬಾತನನ್ನು ಈ ವಿದ್ಯೆಯ ಆದಿಪುರುಷನೆಂದು ನಂಬಿ ಗುಡಿ ಕಟ್ಟಿ ಪೂಜಿಸುತ್ತಾರೆ. ಕಾಡಿನಲ್ಲಿ ಬಿದ್ದ ಮರದ ಮೇಲೆ ಕೊಡಲಿಯ ಏಟು ತಾಗಿದೆಡೆಯಲ್ಲಿಯೇ ಅಣಬೆ ಹೆಚ್ಚಾಗಿ ಏಳುವುದನ್ನು ಆತ ಕಂಡನೆಂಬುದು ಐತಿಹ್ಯ. ಐತಿಹ್ಯವನ್ನು ಇತಿಹಾಸವೆಂದು ಸ್ವೀಕರಿಸಲಾಗದು. ಆದರೂ ಅನೇಕ ತಲೆಮಾರುಗಳ ಅವಲೋಕನವು ಒಬ್ಬನ ಹೆಸರಿನಲ್ಲಿ ನಿಲ್ಲುವುದು ಲೋಕದಲ್ಲಿ ಅಪೂರ್ವವೇನೂ ಅಲ್ಲ.

ಕಾಲನಿರ್ಣಯಕ್ಕೆ ಒದಗುವ ದೃಢವಾದ ಆಧಾರವೆಂದರೆ ವಾಂಗ್ ಝೆನ್ ಎಂಬ ಅಧಿಕಾರಿ ಯುವಾನ್ ವಂಶದ ಆಳ್ವಿಕೆಯಲ್ಲಿ, ಕ್ರಿ.ಶ. 1313ರಲ್ಲಿ, ರಚಿಸಿದ ಕೃಷಿಗ್ರಂಥ. ಮರದ ಅಚ್ಚುಮೊಳೆಗಳ ಮುದ್ರಣವನ್ನು ವಿವರಿಸಿದವನೂ ಈತನೇ. ಅವನ ವರ್ಣನೆಯ ಸಾರಾಂಶವಿದು: ತಕ್ಕ ಜಾತಿಯ ಮರವನ್ನು ಆರಿಸಿ ನೆರಳಿನಲ್ಲಿ ಕೆಡವಬೇಕು, ಕೊಡಲಿಯಿಂದ ಕಚ್ಚುಗಳನ್ನು ಮಾಡಿ ಮಣ್ಣು ಮುಚ್ಚಬೇಕು, ವರ್ಷ ಕಳೆದು ಮರ ಕೊಳೆತ ಮೇಲೆ ಅಣಬೆಯನ್ನು ಸಣ್ಣಗೆ ಕೊಚ್ಚಿ ಆ ಕಚ್ಚುಗಳಲ್ಲಿ ಸಮನಾಗಿ ಹರಡಿ, ಎಲೆ ಮತ್ತು ಮಣ್ಣುಗಳಿಂದ ಮುಚ್ಚಿ, ಆಗಾಗ್ಗೆ ಅಕ್ಕಚ್ಚನ್ನು ಎರೆಯಬೇಕು, ಕೆಲಕಾಲದ ತರುವಾಯ ಕೊಡತಿಯಿಂದ ಮರವನ್ನು ಬಡಿಯಬೇಕು. ಹೀಗೆ ಬಡಿಯುವುದಕ್ಕೆ ‘ಅಣಬೆಯನ್ನು ಬೆಚ್ಚಿಬೀಳಿಸುವುದು’ ಎಂದು ಹೆಸರು.

ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಅಣಬೆಯನ್ನು ಕೊಚ್ಚಿ ಹರಡುವುದೆಂದರೆ ತಿಳಿದೋ ತಿಳಿಯದೆಯೋ ಬೀಜ ಬಿತ್ತುವುದೇ ಆಗಿದೆ. ಯೂರೋಪಿನಲ್ಲಿ ಇಟಲಿಯ ಮಿಕೆಲಿಯು ಬೂಷ್ಟಿನ ಬೀಜಾಣುಗಳನ್ನು ಹಣ್ಣಿನ ಹೋಳುಗಳ ಮೇಲೆ ಬಿತ್ತಿ ಬೆಳೆಯಿಸಿ, ತನ್ನ ಫಲಿತಾಂಶಗಳನ್ನು ಪ್ರಕಟಿಸಿದುದು 1729ರಲ್ಲಿ. ಅವನದು ಕಾರಣವನ್ನರಸಿದ ಪ್ರಯೋಗ, ಚೀಣೀ ರೈತನದು ಫಲವನ್ನರಸಿದ ಅನುಭವ. ಆದರೆ ಅನುಭವವು ಪ್ರಯೋಗಕ್ಕಿಂತ ನಾಲ್ಕು ಶತಮಾನ ಹಿಂದಿನದು. ಎರಡನೆಯದು ಮರವನ್ನು ಬಡಿಯುವ ಕ್ರಮ. ಗುಡುಗಿನ ಮಳೆಗೆ ಅಣಬೆ ಏಳುವುದೆಂಬ ನಂಬಿಕೆ ನಮ್ಮ ಮಲೆನಾಡಿನಲ್ಲಿಯೂ ಉಂಟು. ಇದನ್ನು ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ದಿಮ್ಮಿಗೆ ಅಧಿಕ ವೋಲ್ಟೇಜಿನ ವಿದ್ಯುತ್ತನ್ನು ಕ್ಷಣಕಾಲ ಹಾಯಿಸಿದರೆ ಫಸಲು ಹೆಚ್ಚುವುದೆಂದು ಜಪಾನಿನ ಇವಾತೆ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಶತಮಾನದಲ್ಲಿ ತೋರಿಸಿದ್ದಾರೆ.

ಜಪಾನಿನಲ್ಲಿ ಎದೊ ಯುಗದ ರೈತರು ಮರವನ್ನು ಕಡಿದು, ಕತ್ತಿಯಿಂದ ಕಚ್ಚು ಹಾಕಿ, ಗಾಳಿಯಲ್ಲಿ ತೇಲಿಬರುವ ಬೀಜಾಣುಗಳಿಗಾಗಿ ಕಾಯುತ್ತಿದ್ದರು. 1796ರಲ್ಲಿ ಸಾತೊ ಸೆಯ್ಯು ಎಂಬ ವಿದ್ವಾಂಸನು ಈ ಕೃಷಿಯನ್ನು ಕುರಿತು ಬರೆದ ಕೃತಿಯ ಶೀರ್ಷಿಕೆಯಲ್ಲಿಯೂ ಅಣಬೆಯನ್ನು ಬೆಚ್ಚಿಬೀಳಿಸುವ ಮಾತೇ ಇದೆ. ಇದು ಚೀಣೀ ಗ್ರಂಥಗಳ ಪರಿಚಯವನ್ನು ಸೂಚಿಸಬಹುದೇ ಹೊರತು, ವಿದ್ಯೆಯೇ ಅಲ್ಲಿಂದ ಬಂದಿತೆಂಬುದಕ್ಕೆ ಅಷ್ಟರಿಂದಲೇ ಪ್ರಮಾಣ ಸಿದ್ಧಿಸದು.

ಈ ಕ್ರಮದ ದೌರ್ಬಲ್ಯವನ್ನು ಮರೆಮಾಚಬೇಕಾಗಿಲ್ಲ. ಮರ ಕಡಿಯಲು ಹಣ ಮತ್ತು ಶ್ರಮ ವೆಚ್ಚವಾಗುತ್ತಿತ್ತು. ಬೇರೆ ಶಿಲೀಂಧ್ರಗಳು ದಿಮ್ಮಿಯನ್ನು ಆಕ್ರಮಿಸಿದರೆ ಎರಡು ಮೂರು ವರ್ಷಗಳ ನಿರೀಕ್ಷೆಯೆಲ್ಲ ವ್ಯರ್ಥವಾಗಿ ಸಂಸಾರವೇ ಸಾಲಕ್ಕೆ ಸಿಲುಕುತ್ತಿತ್ತು. ಓಯಿತ ಪ್ರಾಂತದ ರೈತರು ದಿಮ್ಮಿಗಳ ಮುಂದೆ ಕೈಮುಗಿದು ಅಣಬೆಯನ್ನು ಬೇಡುತ್ತಿದ್ದುದನ್ನು ಮೋರಿ ಕಿಸಾಕು ಎಂಬ ವಿದ್ಯಾರ್ಥಿಯು ಕಂಡು ಮನಕರಗಿದನೆಂದು ಪ್ರಸಿದ್ಧಿ. ಆತನು 1942ರಲ್ಲಿ, ಶುದ್ಧವಾಗಿ ಬೆಳೆಯಿಸಿದ ಶಿಲೀಂಧ್ರವನ್ನು ಮರದ ಸಣ್ಣ ಬೆಣೆಗಳಲ್ಲಿ ಹಬ್ಬಿಸಿ, ಆ ಬೆಣೆಗಳನ್ನು ದಿಮ್ಮಿಯ ತೂತುಗಳಿಗೆ ಬಡಿಯುವ ಉಪಾಯವನ್ನು ಕಂಡುಹಿಡಿದನು. ಅಲ್ಲಿಗೆ ಗಾಳಿಯ ಹಂಗು ತೀರಿತು.

ಇಂದಿನ ಹಿತ್ತಿಲ ಕೃಷಿಕನು ಅನುಸರಿಸುವುದು ಈ ಮಾರ್ಗವನ್ನೇ. ಮೂರು ನಾಲ್ಕು ಅಡಿ ಉದ್ದದ, ತೊಗಟೆ ಕಳಚದ ಹಸಿ ದಿಮ್ಮಿಯಲ್ಲಿ ಬೈರಿಗೆಯಿಂದ ಸಾಲಾಗಿ ತೂತು ಕೊರೆದು, ಬೆಣೆ ಬಡಿದು, ಮೇಣದಿಂದ ಮುಚ್ಚಿ, ನೆರಳಿನಲ್ಲಿಟ್ಟು ತೇವವನ್ನು ಕಾಪಾಡಿದರೆ, ಸುಮಾರು ಒಂದು ವರ್ಷದ ಮೇಲೆ ಫಸಲು ಆರಂಭವಾಗಿ ಕೆಲವು ವರ್ಷ ಮುಂದುವರಿಯುತ್ತದೆ. ಮರದ ಆಯ್ಕೆ, ನೆರಳು, ತೇವ, ಬಡಿತ ಇವೆಲ್ಲ 1313ರ ಗ್ರಂಥದಲ್ಲಿಯೇ ಉಕ್ತವಾಗಿವೆ. ಕೊಡಲಿಯ ಕಚ್ಚಿನ ಸ್ಥಾನದಲ್ಲಿ ಬೈರಿಗೆಯ ತೂತು, ಕೊಚ್ಚಿದ ಅಣಬೆಯ ಸ್ಥಾನದಲ್ಲಿ ಶುದ್ಧ ಬೀಜ ಬಂದಿವೆ.

ಆದುದರಿಂದ ವಿಜ್ಞಾನವು ಇಲ್ಲಿ ಅಜ್ಞಾನವನ್ನು ತೊಲಗಿಸಿತೆನ್ನುವುದಕ್ಕಿಂತ ಅನಿಶ್ಚಯವನ್ನು ತೊಲಗಿಸಿತೆನ್ನುವುದೇ ಸಮಂಜಸ. ಇದು ಅಲ್ಪಲಾಭವಲ್ಲ; ಬಡವನಿಗೆ ನಿಶ್ಚಯಕ್ಕಿಂತ ದೊಡ್ಡ ವರವಿಲ್ಲ. ಆದರೆ ಆ ನಿಶ್ಚಯಕ್ಕೆ ಬುನಾದಿ ಹಾಕಿದವರು ಹೆಸರುಳಿಯದ ಬೆಟ್ಟದ ಜನರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2013ರಲ್ಲಿ ಜಪಾನಿನ ಕುನಿಸಾಕಿ ಪ್ರದೇಶವನ್ನೂ, 2022ರಲ್ಲಿ ಚಿಂಗ್‌ಯುವಾನನ್ನೂ ಜಾಗತಿಕ ಕೃಷಿಪರಂಪರೆಯ ಪಟ್ಟಿಗೆ ಸೇರಿಸಿ ಈ ಋಣವನ್ನು ಮನ್ನಿಸಿದೆ. ರಾಜರ ವಂಶಾವಳಿಯನ್ನು ಶೋಧಿಸುವ ನಮ್ಮ ವಿದ್ಯಾರ್ಥಿಗಳು ಅದೇ ಶ್ರದ್ಧೆಯಿಂದ ಕೊಡಲಿಯ ಕಚ್ಚಿನ ಇತಿಹಾಸವನ್ನೂ ಶೋಧಿಸುವುದು ಉಚಿತ.