ತಲೆಗೊಂದು ಟಿಕೇಟು, ಮನೆಗೊಂದು ಬೆಲೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಹೊಸ ಚಲನಚಿತ್ರವೊಂದನ್ನು ಮನೆಯ ಟಿವಿಯಲ್ಲಿ ನೋಡಲು ಬಾಡಿಗೆ ತೆತ್ತೆನೆಂದೂ, ಎರಡೇ ದಿನಗಳಲ್ಲಿ ಅದು ಮಾಯವಾಯಿತೆಂದೂ ದೂರಿದ. "ಟಾಕೀಸಿನ ಖರ್ಚು ಅವರಿಗೇನೂ ಇಲ್ಲವಲ್ಲ ಸಾರ್, ಮತ್ಯಾಕೆ ಇಷ್ಟು ರೇಟು?" ಎಂಬುದು ಅವನ ಪ್ರಶ್ನೆ. ತರಗತಿಯಲ್ಲಿಯೂ ಅವನು ಹೀಗೆಯೇ. ಗಂಟೆ ಹೊಡೆದ ಮೇಲೆ ಪ್ರಶ್ನೆ ಕೇಳುವವನು. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕಾಗಿ 1977ರ ಅಮೆರಿಕಕ್ಕೆ ಹೋಗಬೇಕು.

ಆ ವರ್ಷ ಮಿಷಿಗನ್ ರಾಜ್ಯದ ಆಂಡ್ರೆ ಬ್ಲೇ ಎಂಬ ಉದ್ಯಮಿಯು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯಿಂದ 50 ಚಿತ್ರಗಳ ಹಕ್ಕು ಪಡೆದು, ಅವುಗಳನ್ನು ವಿಡಿಯೋ ಕ್ಯಾಸೆಟ್ಟುಗಳಾಗಿ ಮಾರತೊಡಗಿದ. ಹೊಸ ಚಿತ್ರಗಳಲ್ಲ, ಟಾಕೀಸುಗಳಲ್ಲಿ ಓಡಿ ಮುಗಿದವು. ಆದರೂ ಕ್ಯಾಸೆಟ್ಟೊಂದಕ್ಕೆ ಸುಮಾರು 50 ಡಾಲರ್. ಅಲ್ಲಿ ಆಗ ಚಿತ್ರಮಂದಿರದ ಟಿಕೇಟಿನ ಸರಾಸರಿ ದರ ಎರಡೂಕಾಲು ಡಾಲರಿನಷ್ಟಿತ್ತು. ಒಂದು ಕ್ಯಾಸೆಟ್ಟಿನ ಹಣದಲ್ಲಿ ಇಪ್ಪತ್ತೆರಡು ಮಂದಿ ಟಾಕೀಸಿಗೆ ಹೋಗಿಬರಬಹುದಿತ್ತು.

ಅದೇ ವರ್ಷ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಅಟ್ಕಿನ್ಸನ್ ಎಂಬಾತ ಈ ಕ್ಯಾಸೆಟ್ಟುಗಳನ್ನೇ ಕೊಂಡು, ದಿನಕ್ಕೆ 10 ಡಾಲರಿನಂತೆ ಬಾಡಿಗೆಗೆ ಕೊಡಲು ಆರಂಭಿಸಿದ. ಚಿತ್ರಸಂಸ್ಥೆಗಳಿಗೆ ಇದು ಸಹಿಸಲಿಲ್ಲ. ಆದರೆ ಆ ದೇಶದ ಕೃತಿಸ್ವಾಮ್ಯ ಕಾನೂನಿನಂತೆ, ನ್ಯಾಯವಾಗಿ ಕೊಂಡ ಪ್ರತಿಯನ್ನು ಕೊಂಡವನು ಮರಳಿ ಮಾರಬಹುದು, ಬಾಡಿಗೆಗೂ ಕೊಡಬಹುದು. ಕ್ಯಾಸೆಟ್ಟು ನೂರು ಮನೆ ಸುತ್ತಿದರೂ ನಿರ್ಮಾಪಕನಿಗೆ ದೊರೆಯುವುದು ಮೊದಲ ಮಾರಾಟದ ಹಣವೊಂದೇ! ತಡೆಯಲಾಗದವರು ಬೆಲೆ ಏರಿಸಿದರು. 1980ರ ದಶಕದಲ್ಲಿ ಹೊಸ ಚಿತ್ರದ ಕ್ಯಾಸೆಟ್ಟಿಗೆ 80-90 ಡಾಲರ್ ಸಾಮಾನ್ಯವಾಯಿತು. ಅದು ಮನೆಯವರು ಕೊಳ್ಳಲೆಂದು ಇಟ್ಟ ಬೆಲೆಯಲ್ಲ. ಬಾಡಿಗೆ ಅಂಗಡಿಯವನು ಮುಂದೆ ಗಳಿಸುವುದನ್ನು ಮೊದಲೇ ವಸೂಲು ಮಾಡಿಕೊಳ್ಳುವ ಬೆಲೆ.

ಪ್ಯಾರಾಮೌಂಟ್ ಸಂಸ್ಥೆ ಮಾತ್ರ ತಿರುಗಿ ಯೋಚಿಸಿತು. 1982ರಲ್ಲಿ 'ಸ್ಟಾರ್ ಟ್ರೆಕ್' ಸರಣಿಯ ಎರಡನೆಯ ಚಿತ್ರವನ್ನು 40 ಡಾಲರಿಗೂ, 1987ರಲ್ಲಿ 'ಟಾಪ್ ಗನ್' ಚಿತ್ರವನ್ನು 27 ಡಾಲರಿಗೂ ಮಾರಿತು. ಎರಡನೆಯದರಲ್ಲಿ ಪೆಪ್ಸಿಯ ಜಾಹೀರಾತೂ ಸೇರಿತ್ತು. ಬೆಲೆ ಇಳಿದದ್ದೇ ತಡ, ಬಾಡಿಗೆಗೆ ತರುತ್ತಿದ್ದ ಜನ ಕೊಂಡು ಕಪಾಟಿನಲ್ಲಿಡತೊಡಗಿದರು.

ನಮ್ಮಲ್ಲಿ ಈ ಲೆಕ್ಕ ನಡೆದದ್ದು ಬೀದಿಯಲ್ಲಿ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಊರಿನಲ್ಲಿ, ಗಣೇಶನ ಹಬ್ಬ ಬಂತೆಂದರೆ ಚಂದಾ ಎತ್ತಿ, ಟಿವಿಯನ್ನೂ ವಿಸಿಆರನ್ನೂ ಒಂದು ರಾತ್ರಿಗೆ ಬಾಡಿಗೆ ತರುತ್ತಿದ್ದರು. ಜಗಲಿಯ ಮೇಲೆ ಟಿವಿ, ಬೀದಿಯಲ್ಲಿ ಚಾಪೆ; ಬೆಳಗಾಗುವುದರೊಳಗೆ ಮೂರು ಚಿತ್ರ. ಮೂರನೆಯದನ್ನು ಪೂರ್ತಿ ನೋಡಿದವರನ್ನು ನಾನಂತೂ ಕಾಣೆ. ಚಂದಾ ಕೊಡದವರೂ ಬಂದು ಕೂರುತ್ತಿದ್ದರು, ಎಬ್ಬಿಸುವವರು ಯಾರು? ಟಾಕೀಸಿನ ಬಾಗಿಲಲ್ಲಿ ತಲೆ ಎಣಿಸಿ ಟಿಕೇಟು ಹರಿಯುವವನೊಬ್ಬನಿರುತ್ತಾನೆ, ಜಗಲಿಯ ಮುಂದೆ ಅಂಥವನಿಲ್ಲ. ಆದ್ದರಿಂದ ಮನೆಯಲ್ಲಿ ನೋಡುವ ಚಿತ್ರದ ಬೆಲೆಯೆಂಬುದು, ಚಾಪೆಯ ಮೇಲೆ ಎಷ್ಟು ಜನ ಕೂತಿರಬಹುದೆಂಬ ಊಹೆಯ ಬೆಲೆ.

ಈ ಊಹೆಯೇ 2013ರ ಜನವರಿಯಲ್ಲಿ ತಮಿಳುನಾಡಿನಲ್ಲಿ ದೊಡ್ಡ ಜಗಳವಾಯಿತು. ಕಮಲ್ ಹಾಸನ್ ತಮ್ಮ 'ವಿಶ್ವರೂಪಂ' ಚಿತ್ರವನ್ನು ಚಿತ್ರಮಂದಿರಕ್ಕಿಂತ ಮೊದಲೇ ಡಿಟಿಎಚ್ ಮೂಲಕ 1000 ರೂಪಾಯಿಗೆ ಮನೆಗಳಿಗೆ ತೋರಿಸುವುದಾಗಿ ಪ್ರಕಟಿಸಿದರು. ಒಂದು ಮನೆಗೆ ಸಾವಿರವೆಂದರೆ ದುಬಾರಿಯೇ. ಆದರೆ ಇಡೀ ವಠಾರವೇ ಒಂದು ಕೋಣೆಯಲ್ಲಿ ಸೇರಿದರೆ? ಚಿತ್ರಮಂದಿರಗಳ ಮಾಲೀಕರು ಒಪ್ಪಲಿಲ್ಲ, ಚಿತ್ರ ಪ್ರದರ್ಶಿಸುವುದಿಲ್ಲವೆಂದರು. ಕಮಲ್ ಹಾಸನ್ ಚಿತ್ರಮಂದಿರಕ್ಕೇ ಮೊದಲ ಸ್ಥಾನ ಕೊಡಬೇಕಾಯಿತು. ಮುಂದೆ ಬೇರೊಂದು ವಿವಾದಕ್ಕೆ ಸಿಲುಕಿದ ಆ ಚಿತ್ರ, ತಮಿಳುನಾಡಿನಲ್ಲಿ ತೆರೆ ಕಂಡದ್ದು ಫೆಬ್ರುವರಿ 7ರಂದು.

ಅಂದು ಮಾಲೀಕರು ತಡೆದು ನಿಲ್ಲಿಸಿದ್ದನ್ನು 2020ರ ಕೊರೋನಾ ತಡೆಯಿಲ್ಲದೆ ನಡೆಸಿಬಿಟ್ಟಿತು. ಆ ಏಪ್ರಿಲಿನಲ್ಲಿ ಅಮೆರಿಕದ ಯೂನಿವರ್ಸಲ್ ಸಂಸ್ಥೆ 'ಟ್ರೋಲ್ಸ್ ವರ್ಲ್ಡ್ ಟೂರ್' ಎಂಬ ಮಕ್ಕಳ ಚಿತ್ರವನ್ನು ನೇರವಾಗಿ ಮನೆಗಳಿಗೆ ಬಿಟ್ಟಿತು. 48 ಗಂಟೆಗಳ ಬಾಡಿಗೆ 20 ಡಾಲರ್. ಅಲ್ಲಿ ಟಿಕೇಟಿನ ಸರಾಸರಿ ದರ 9 ಡಾಲರಿನ ಆಸುಪಾಸಿದ್ದುದರಿಂದ, ಚಾಪೆಯ ಮೇಲೆ ಎರಡು ತಲೆಗಳೆಂದು ಊಹಿಸಿದಂತಾಯಿತು. ಎಎಂಸಿ ಎಂಬ ಚಿತ್ರಮಂದಿರ ಸಂಸ್ಥೆ ಸಿಟ್ಟಿಗೆದ್ದು, ಯೂನಿವರ್ಸಲ್ಲಿನ ಚಿತ್ರಗಳನ್ನೇ ಹಾಕುವುದಿಲ್ಲವೆಂದಿತು. ಜುಲೈ ವೇಳೆಗೆ ರಾಜಿಯಾಯಿತು: ಟಾಕೀಸಿನಲ್ಲಿ ಕನಿಷ್ಠ 17 ದಿನ, ಆಮೇಲೆ ಮನೆಗೆ. ಇಲ್ಲಿ ಅದೇ ಜುಲೈನಲ್ಲಿ ಪುನೀತ್ ರಾಜ್‌ಕುಮಾರರ ಸಂಸ್ಥೆಯ 'ಲಾ' ಚಿತ್ರ ಅಮೆಜಾನ್ ಪ್ರೈಮಿನಲ್ಲಿ ನೇರವಾಗಿ ಬಂತು; ಅದಕ್ಕೆ ಪ್ರತ್ಯೇಕ ಬೆಲೆಯೇ ಇರಲಿಲ್ಲ, ಚಂದಾದಾರರಾದರೆ ಸಾಕಿತ್ತು. 2021ರ ಮೇ ತಿಂಗಳಲ್ಲಿ ಬಂದ ಹಿಂದಿಯ 'ರಾಧೆ'ಗೆ ಮಾತ್ರ ಮನೆಯೊಂದಕ್ಕೆ 249 ರೂಪಾಯಿ ಇಟ್ಟಿದ್ದರು.

"ನೀವೆಷ್ಟು ಜನ ನೋಡಿದಿರಿ?" ಎಂದು ಶಿಷ್ಯನನ್ನು ಕೇಳಿದ್ದೆ. ನಾಲ್ವರು ಎಂದ. ನಾಲ್ಕರಿಂದ ಭಾಗಿಸು ಎಂದಾಗ, ಸ್ವಲ್ಪ ತಡೆದು, "ಹಾಗಾದರೆ ಅಗ್ಗವೇ ಸಾರ್" ಎಂದು ನಕ್ಕ. ಅವನ ತಾಯಿ ನಮ್ಮ ಊರಿನಲ್ಲೇ ಒಬ್ಬರೇ ಇದ್ದಾರೆ. ಮೊದಲೆಲ್ಲ ಒಂದೇ ಟಿಕೇಟು ಕೊಂಡು ಮಧ್ಯಾಹ್ನದ ಆಟಕ್ಕೆ ಹೋಗಿಬರುತ್ತಿದ್ದರು. ಈಗ ಆ ಟಾಕೀಸು ಕಲ್ಯಾಣಮಂಟಪವಾಗಿದೆ. ಮನೆಯಲ್ಲಿ ನೋಡೋಣವೆಂದರೆ, ಒಂದು ತಲೆಗೂ ನಾಲ್ಕು ತಲೆಗೂ ಒಂದೇ ಬೆಲೆ. ಮೊನ್ನೆ ಸಂತೆಯಲ್ಲಿ ಸಿಕ್ಕಾಗ ಆ ಚಿತ್ರದ ಮಾತೆತ್ತಿದೆ. "ಒಬ್ಬಳಿಗೋಸ್ಕರ ಅಷ್ಟು ದುಡ್ಡು ಯಾಕೆ ಮೇಷ್ಟ್ರೇ? ಹಬ್ಬಕ್ಕೆ ಹುಡುಗರು ಬರ್ತಾರಲ್ಲ, ಆಗ ನೋಡಿದರಾಯ್ತು" ಎಂದರು.